ಶಬ್ದಗಳ ಪ್ರತಿರೂಪಕ ವ್ಯವಹಾರ

ಸತ್ಯಾಣುವ್ರತವನ್ನು ಸ್ವೀಕರಿಸಿದ ಶ್ರಾವಕನೊಬ್ಬನು ಒಂದು ಮಾತನ್ನಾಡುತ್ತಾನೆ. ಅವನ ಭಾಷೆಯಲ್ಲಿ ಆ ಮಾತು ನಿಜವೇ ಆಗಿದೆ. ಕೇಳುವವನ ಭಾಷೆಯಲ್ಲಿಯೂ ಅದೇ ಶಬ್ದವಿದೆ; ಆದರೆ ಅದರ ಅರ್ಥ ಬೇರೆ. ಕೇಳಿದವನು ತನಗೆ ತಿಳಿದ ಅರ್ಥವನ್ನೇ ನಂಬಿ ನಡೆದು ನಷ್ಟಕ್ಕೆ ಗುರಿಯಾಗುತ್ತಾನೆ. ಇಲ್ಲಿ ಅಸತ್ಯದ ದೋಷ ಉಂಟೆ? ಉಂಟಾದರೆ ಅದು ಯಾರಿಗೆ ಸಲ್ಲತಕ್ಕದ್ದು? ಆಡಿದ ಶಬ್ದಕ್ಕೆ ಹೊಣೆಗಾರನಾದವನು ಕೇಳುವವನ ಅರ್ಥಕ್ಕೂ ಹೊಣೆಗಾರನೆ? ಮೇಲುನೋಟಕ್ಕೆ ಇದು ವೈಯಾಕರಣರಿಗೆ ಬಿಡಬೇಕಾದ ಪ್ರಶ್ನೆಯೆಂದು ತೋರಬಹುದು. ವಿಚಾರಿಸಿ ನೋಡಿದರೆ ಇದು ನಮ್ಮ ಆಚಾರಕ್ಕೆ ಸೇರಿದ ಪ್ರಶ್ನೆ.

ನಮ್ಮ ಸಮಾಜಕ್ಕಂತೂ ಇದು ದೂರದ ವಿಷಯವಲ್ಲ. ನಮ್ಮ ಮೂಲಗ್ರಂಥಗಳು ಪ್ರಾಕೃತದಲ್ಲಿವೆ. ಟೀಕೆಗಳು ಬಹುಮಟ್ಟಿಗೆ ಸಂಸ್ಕೃತದಲ್ಲಿವೆ. ಸ್ವಾಧ್ಯಾಯಕ್ಕೆ ಕೈಗೆ ಸಿಗುವ ಮುದ್ರಿತ ಪುಸ್ತಕಗಳಲ್ಲಿ ಅನೇಕವು ಹಿಂದಿಯಲ್ಲೋ ಮರಾಠಿಯಲ್ಲೋ ಇರುತ್ತವೆ. ಮನೆಮಾತು ಕನ್ನಡ ಅಥವಾ ತುಳು. ಒಂದೇ ಶಬ್ದ ಇಷ್ಟು ಮನೆಗಳನ್ನು ಹಾದು ನಮ್ಮ ಕಿವಿಗೆ ಬೀಳುತ್ತದೆ. ಶ್ರಾವಕನ ಹನ್ನೆರಡು ವ್ರತಗಳಲ್ಲಿ ನಾಲ್ಕು ಶಿಕ್ಷಾವ್ರತಗಳು. ‘ಶಿಕ್ಷೆ’ ಎಂದರೆ ದಂಡನೆಯೆಂದಷ್ಟೇ ಬಲ್ಲ ಕನ್ನಡದ ಬಾಲಕನು, ಯಾವ ಅಪರಾಧಕ್ಕಾಗಿ ಈ ಶಿಕ್ಷೆಯೆಂದು ಕೇಳಿದರೆ ಆಶ್ಚರ್ಯವಿಲ್ಲ. ಸಂಸ್ಕೃತದಲ್ಲಿಯೂ ಹಿಂದಿಯಲ್ಲಿಯೂ ಅದು ಅಭ್ಯಾಸ, ಕಲಿಕೆ. ನ್ಯಾಯಗ್ರಂಥಗಳ ‘ಅನುಮಾನ’ವು ಹೇತುವಿನಿಂದ ಸಾಧ್ಯವನ್ನು ನಿಶ್ಚಯಿಸುವ ಪ್ರಮಾಣ, ಕನ್ನಡಿಗನಿಗೆ ಅದು ಸಂದೇಹ, ಹಿಂದಿಯವನಿಗೆ ಅಂದಾಜು. ನಿಶ್ಚಯವನ್ನು ಹೇಳಹೊರಟ ಶಬ್ದವೇ ಅನಿಶ್ಚಯವನ್ನು ಹೇಳುವಂತಾಯಿತು! ‘ಭಾಷಾಸಮಿತಿ’ ಎಂದೊಡನೆ ಇಂದಿನ ಓದುಗನ ಕಣ್ಣಮುಂದೆ ಅಧ್ಯಕ್ಷರು, ಕಾರ್ಯದರ್ಶಿಗಳು, ಸದಸ್ಯರು ಬಂದು ನಿಲ್ಲುತ್ತಾರೆ. ಅಲ್ಲಿರುವುದು ಎಚ್ಚರಿಕೆಯಿಂದ, ಹಿತವಾಗಿ, ಮಿತವಾಗಿ ಮಾತನಾಡುವ ಆಚಾರ.

ಶಾಸ್ತ್ರದ ಹೊರಗೂ ಹೀಗೆಯೇ. ಕನ್ನಡದಲ್ಲಿ ‘ಉಪನ್ಯಾಸ’ ಭಾಷಣ, ಹಿಂದಿಯಲ್ಲಿ ಕಾದಂಬರಿ. ಕನ್ನಡದಲ್ಲಿ ‘ವ್ಯವಸಾಯ’ ಬೇಸಾಯ, ಹಿಂದಿಯಲ್ಲಿ ಉದ್ಯೋಗ ಅಥವಾ ವ್ಯಾಪಾರ. ಕನ್ನಡದಲ್ಲಿ ‘ಸಂಭಾವನೆ’ ಗೌರವಧನ, ಹಿಂದಿಯಲ್ಲಿ ಸಾಧ್ಯತೆ. ನಮ್ಮಲ್ಲಿ ‘ಸಂಸಾರ’ವೆಂದರೆ ಕುಟುಂಬ, ಮಲಯಾಳಿಗಳಲ್ಲಿ ‘ಸಂಸಾರಂ’ ಎಂದರೆ ಮಾತುಕತೆ, ಶಾಸ್ತ್ರದಲ್ಲಿ ಜನ್ಮಮರಣಗಳ ಪರಿಭ್ರಮಣ.

ಇಂಥ ಶಬ್ದಗಳಲ್ಲಿ ಎರಡು ಬಗೆಯುಂಟು. ಮೊದಲನೆಯ ಬಗೆಯವು ಒಂದೇ ಮೂಲದಿಂದ ಹೊರಟು ಬೇರೆ ಬೇರೆ ನಾಡುಗಳಲ್ಲಿ ನೆಲೆನಿಂತವು. ‘ಅವಕಾಶ’ವೆಂದರೆ ಮೂಲತಃ ಎಡೆ, ತೆರವು. ಎಲ್ಲ ದ್ರವ್ಯಗಳಿಗೂ ಎಡೆಗೊಡುವುದೇ ಆಕಾಶದ ಉಪಕಾರವೆಂದು ನಮ್ಮ ಶಾಸ್ತ್ರ ಹೇಳುತ್ತದೆ. ಆ ತೆರವು ಕನ್ನಡದಲ್ಲಿ ಕಾರ್ಯ ಮಾಡುವ ಸಂದರ್ಭವಾಯಿತು, ಹಿಂದಿಯಲ್ಲಿ ಕಾರ್ಯದಿಂದ ಬಿಡುವು, ಅಂದರೆ ರಜೆಯಾಯಿತು. ವ್ಯಾಪಾರಿಗಳಿಗೆ ಪರಿಚಿತವಾದ ಇನ್ನೊಂದು ಉದಾಹರಣೆ: ಸಂಸ್ಕೃತದ ‘ಉದ್ಧಾರ’ವು ಕನ್ನಡದಲ್ಲಿ ಮೇಲೆತ್ತುವುದೆಂಬ ಅರ್ಥದಲ್ಲಿ ನಿಂತಿತು, ಅದೇ ಹಿಂದಿಯಲ್ಲಿ ‘ಉಧಾರ್’ ಆಗಿ ಸಾಲವೆಂಬ ಅರ್ಥ ತಾಳಿತು. ನಮ್ಮ ಅಂಗಡಿಗಳ ‘ಉದ್ದರಿ’ ಈ ಕವಲಿಗೆ ಸೇರಿದ್ದು. ಉದ್ದರಿ ಕೊಟ್ಟವರೂ ಪಡೆದವರೂ ಉದ್ಧಾರವಾದರೇ ಎಂಬುದು ಲೆಕ್ಕದ ಪುಸ್ತಕಗಳಿಗೆ ಮಾತ್ರ ಗೊತ್ತು.

ಎರಡನೆಯ ಬಗೆಯವು ಇನ್ನೂ ಮೋಸಕರ. ಇವುಗಳ ಮೂಲವೇ ಬೇರೆ. ರೂಪ ಮಾತ್ರ ಒಂದಾಗಿದೆ ಅಥವಾ ಒಂದರಂತೆ ತೋರುತ್ತದೆ. ‘ಶ್ರವಣಬೆಳಗೊಳ’ದಲ್ಲಿರುವ ‘ಶ್ರವಣ’ವು ಕೇಳುವಿಕೆಯೂ ಅಲ್ಲ, ಶ್ರಾವಣ ಮಾಸವೂ ಅಲ್ಲ. ಅದು ‘ಶ್ರಮಣ’, ಅಂದರೆ ತಪಸ್ಸಿನಲ್ಲಿ ಶ್ರಮಿಸುವ ಮುನಿ; ಪ್ರಾಕೃತ ಉಚ್ಚಾರಣೆಯ ದಾರಿಯಲ್ಲಿ ಬಂದು ‘ಶ್ರವಣ’ ಎಂದು ನಿಂತಿದೆ. ಒಂದರ ಧಾತು ‘ಶ್ರು’, ಇನ್ನೊಂದರ ಧಾತು ‘ಶ್ರಮ್’. ಈ ತಪ್ಪು ತಿಳಿವಳಿಕೆಯಿಂದ ಯಾರಿಗೂ ಹಾನಿಯಿಲ್ಲ. ಆದರೆ ಹಾನಿಯಾದ ಪ್ರಸಂಗಗಳೂ ಇವೆ. ಅವುಗಳಲ್ಲಿ ಎರಡನ್ನು ವಿಚಾರಿಸೋಣ.

ಮೊದಲನೆಯದು ‘ಸ್ಯಾತ್’ ಶಬ್ದದ ಪ್ರಸಂಗ. ಸಂಸ್ಕೃತದ ‘ಅಸ್’ ಧಾತುವಿನ ರೂಪವಾದ ಇದು ನಮ್ಮ ದರ್ಶನದಲ್ಲಿ ಕ್ರಿಯಾಪದವಾಗಿರದೆ ನಿಪಾತವಾಗಿ ಬಳಕೆಯಾಗುತ್ತದೆ. ಇದು ಅನೇಕಾಂತವನ್ನು ದ್ಯೋತಿಸುವ ನಿಪಾತವೆಂದು ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಸ್ಪಷ್ಟಪಡಿಸಿದ್ದಾರೆ. ‘ಒಂದು ನಿಶ್ಚಿತ ಅಪೇಕ್ಷೆಯಿಂದ’ ಎಂಬುದು ಅದರ ತಾತ್ಪರ್ಯ. ಹಿಂದಿ-ಉರ್ದುಗಳಲ್ಲಿ ‘ಶಾಯದ್’ ಎಂಬ ಮಾತುಂಟು. ‘ಬಹುಶಃ’ ಎಂದು ಅದರ ಅರ್ಥ. ಅದು ಬಂದದ್ದು ಪಾರಸಿ ಭಾಷೆಯಿಂದ. ಯೋಗ್ಯವಾಗಿರು, ತಕ್ಕದ್ದಾಗಿರು ಎಂಬರ್ಥದ ಬೇರೊಂದು ಕ್ರಿಯಾಪದ ಅದರ ಮೂಲ. ಉಚ್ಚಾರಣೆ ಹತ್ತಿರ, ಅರ್ಥವೂ ಹತ್ತಿರವೆಂಬ ಭ್ರಮೆ. ಇವೆರಡು ಸೇರಿ ಸ್ಯಾದ್ವಾದವು ‘ಶಾಯದ್’ ವಾದವಾಗಿ, ಸಂಶಯವಾದವಾಗಿ, ಯಾವುದನ್ನೂ ಖಚಿತವಾಗಿ ಹೇಳಲಾರದವರ ವಾದವಾಗಿ ಪ್ರಚಾರ ಪಡೆಯಿತು. ವಿದ್ವಾಂಸರ ಗ್ರಂಥಗಳಲ್ಲಿಯೂ ಈ ಮಾತು ನುಸುಳಿತು.

ವಾಸ್ತವವೇನು? ಘಟವು ತನ್ನ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ಅಪೇಕ್ಷೆಯಿಂದ ಇದ್ದೇ ಇದೆ. ಪರದ್ರವ್ಯಾದಿಗಳ ಅಪೇಕ್ಷೆಯಿಂದ ಇಲ್ಲವೇ ಇಲ್ಲ. ಎರಡೂ ನಿಶ್ಚಯದ ಮಾತುಗಳು. ನಾವು ಮೇಲೆ ಕಂಡ ಶಬ್ದಗಳೇ ಇದಕ್ಕೆ ಸುಲಭವಾದ ದೃಷ್ಟಾಂತ. ಕನ್ನಡದ ಅಪೇಕ್ಷೆಯಿಂದ ‘ಶಿಕ್ಷೆ’ ದಂಡನೆಯೇ. ಹಿಂದಿಯ ಅಪೇಕ್ಷೆಯಿಂದ ಅದು ದಂಡನೆ ಅಲ್ಲವೇ ಅಲ್ಲ. ಇಲ್ಲಿ ‘ಬಹುಶಃ’ ಎಂಬುದಕ್ಕೆ ಎಡೆಯೆಲ್ಲಿ? ಯಾವ ಭಾಷೆಯ ಅಪೇಕ್ಷೆಯೆಂದು ಹೇಳಿದೊಡನೆ ಸಂದೇಹ ಹೋಗುತ್ತದೆ, ಹೇಳದಿದ್ದರೆ ಜಗಳ ಉಳಿಯುತ್ತದೆ. ಸ್ಯಾತ್ಕಾರದ ಕಾರ್ಯ ಇಷ್ಟೇ.

ಎರಡನೆಯ ಪ್ರಸಂಗ ಪ್ರಾಣಿಗಳ ಜೀವಕ್ಕೆ ಸಂಬಂಧಿಸಿದ್ದು. ಕ್ರಿ.ಶ. ೭೮೩ರಲ್ಲಿ ಪೂರ್ಣಗೊಂಡ ಪುನ್ನಾಟ ಸಂಘದ ಜಿನಸೇನಾಚಾರ್ಯರ ಹರಿವಂಶಪುರಾಣದಲ್ಲಿ ವಸುರಾಜನ ಕಥೆ ಇದೆ. ಕ್ಷೀರಕದಂಬನೆಂಬ ಗುರುವಿನ ಬಳಿ ಅವನ ಮಗ ಪರ್ವತ, ನಾರದ, ವಸು ಈ ಮೂವರೂ ವೇದಾಧ್ಯಯನ ಮಾಡಿದರು. ಮುಂದೆ ಯಜ್ಞದಲ್ಲಿ ‘ಅಜ’ದಿಂದ ಹೋಮ ಮಾಡಬೇಕೆಂಬ ವಾಕ್ಯಕ್ಕೆ ಅರ್ಥವೇನೆಂಬ ವಾದ ಹುಟ್ಟಿತು. ಪರ್ವತನು ‘ಅಜ’ವೆಂದರೆ ಆಡು ಎಂದ. ನಾರದನು, ಗುರುಗಳು ಕಲಿಸಿದ್ದು ಅದಲ್ಲ, ಮೊಳಕೆಯೊಡೆಯುವ ಶಕ್ತಿಯನ್ನು ಕಳೆದುಕೊಂಡ ಮೂರು ವರ್ಷದ ಹಳೆಯ ಧಾನ್ಯ, ಮತ್ತೆ ಜನಿಸದ ಕಾರಣ ಅದು ‘ಅ-ಜ’ ಎಂದ. ಸಹಪಾಠಿಯೂ ಸತ್ಯವಾದಿಯೆಂದು ಹೆಸರಾದವನೂ ಆದ ವಸುರಾಜನೇ ತೀರ್ಪು ಕೊಡಬೇಕಾಯಿತು. ಸ್ಫಟಿಕದ ಆಧಾರದ ಮೇಲಿದ್ದ ಅವನ ಸಿಂಹಾಸನವು ಸತ್ಯದ ಬಲದಿಂದಲೇ ಗಾಳಿಯಲ್ಲಿ ನಿಂತಿದೆಯೆಂದು ಜನರು ನಂಬಿದ್ದರು. ಗುರುಪತ್ನಿಯು ಮಗನಿಗಾಗಿ ಅವನನ್ನು ಮೊದಲೇ ಬೇಡಿಕೊಂಡಿದ್ದಳು. ವಸುವು ಸಭೆಯಲ್ಲಿ ಪರ್ವತನ ಅರ್ಥವೇ ಸರಿಯೆಂದ. ಸಿಂಹಾಸನ ಕುಸಿಯಿತು, ಅವನು ಅಧೋಗತಿಗೆ ಸಂದನು. ಮಹಾಭಾರತದ ಶಾಂತಿಪರ್ವದಲ್ಲಿಯೂ ಉಪರಿಚರ ವಸುವಿನ ಕಥೆಯಾಗಿ ಇದೇ ವಿವಾದ ಬೇರೊಂದು ರೀತಿಯಲ್ಲಿ ಬಂದಿದೆ. ಅಲ್ಲಿಯೂ ಋಷಿಗಳ ಪಕ್ಷ ಬೀಜಗಳದು, ದೇವತೆಗಳ ಪಕ್ಷ ಆಡಿನದು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನಿಘಂಟನ್ನು ತೆರೆದರೆ ‘ಅಜ’ಕ್ಕೆ ಆಡು ಎಂಬ ಅರ್ಥವೂ ಇದೆ, ಹುಟ್ಟಿಲ್ಲದ್ದು ಎಂಬ ಅರ್ಥವೂ ಇದೆ. ಮೊದಲನೆಯದನ್ನು ನಡೆಸು, ಚಲಿಸು ಎಂಬರ್ಥದ ‘ಅಜ್’ ಧಾತುವಿನಿಂದ ಸಾಧಿಸುತ್ತಾರೆ. ಎರಡನೆಯದು ನಿಷೇಧದ ‘ಅ’ಕಾರ ಸೇರಿದ ‘ಜನ್’ ಧಾತುವಿನದು. ಮೂಲ ಬೇರೆ, ರೂಪ ಒಂದು. ಹಾಗಿದ್ದ ಮೇಲೆ ಶಬ್ದದ ಮಟ್ಟಿಗೆ ಪರ್ವತನ ಮಾತು ಸುಳ್ಳಲ್ಲ. ವಸುವೂ ನಿಘಂಟಿನಲ್ಲಿ ಇಲ್ಲದ ಅರ್ಥವನ್ನು ಹೇಳಲಿಲ್ಲ. ಆದರೂ ಸಿಂಹಾಸನ ಕುಸಿಯಿತೇಕೆ? ಏಕೆಂದರೆ ಅವನನ್ನು ಕೇಳಿದ್ದು ನಿಘಂಟಿನ ಅರ್ಥವನ್ನಲ್ಲ. ನಮ್ಮ ಗುರುಗಳು ಈ ವಾಕ್ಯದಲ್ಲಿ ಯಾವ ಅರ್ಥವನ್ನು ಕಲಿಸಿದರು ಎಂಬುದನ್ನು. ಅದು ಅವನಿಗೆ ತಿಳಿದಿತ್ತು. ಒಂದರ ಹೆಸರಿನಲ್ಲಿ ಇನ್ನೊಂದನ್ನು, ಅವೆರಡೂ ಒಂದರಂತೆ ಕಾಣುತ್ತವೆಂಬ ಬಲದಿಂದ, ಅವನು ಸಾಗಿಸಿಬಿಟ್ಟ. ಸುಳ್ಳು ಇದ್ದದ್ದು ಈ ಸಾಗಾಣಿಕೆಯಲ್ಲಿ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಮ್ಮ ಆಚಾರ್ಯರು ಸತ್ಯವಚನದಲ್ಲಿ ಹತ್ತು ಭೇದಗಳನ್ನು ಹೇಳಿದ್ದಾರೆ. ಚಾವುಂಡರಾಯನ ನಿಮಿತ್ತವಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರದಲ್ಲಿಯೂ ಇವು ಬಂದಿವೆ. ಅವುಗಳಲ್ಲಿ ಮೊದಲನೆಯದು ‘ಜನಪದಸತ್ಯ’. ಆಯಾ ನಾಡಿನ ಜನರಲ್ಲಿ ರೂಢಿಯಲ್ಲಿರುವ ಶಬ್ದ ಆ ನಾಡಿನ ಮಟ್ಟಿಗೆ ಸತ್ಯ ಎಂದು ಅದರ ಅಭಿಪ್ರಾಯ. ಟೀಕಾಕಾರರು ಅನ್ನದ ಉದಾಹರಣೆ ಕೊಡುತ್ತಾರೆ: ಅದನ್ನೇ ಕರ್ಣಾಟದಲ್ಲಿ ‘ಕೂಳು’ ಎಂದೂ ದ್ರವಿಡದಲ್ಲಿ ‘ಚೋರು’ ಎಂದೂ ಕರೆಯುತ್ತಾರೆ. ಇಂದು ಮನೆಗೆ ಬಂದ ಅತಿಥಿಗೆ ‘ಕೂಳು ಬಡಿಸುತ್ತೇನೆ’ ಎಂದರೆ ಅವರು ಎದ್ದು ಹೋದಾರು. ಆ ಕಾಲದಲ್ಲಿ ಅದು ನಿರ್ಮಲವಾದ ಮಾತು. ನಾಡು ಬದಲಾದಂತೆ ಮಾತ್ರವಲ್ಲ, ಕಾಲ ಬದಲಾದಂತೆಯೂ ಶಬ್ದ ಬೇರೆಯಾಗುತ್ತದೆಂಬುದಕ್ಕೆ ಆ ಉದಾಹರಣೆಯೇ ಸಾಕ್ಷಿ.

ಜನಪದಸತ್ಯವೊಂದಿದ್ದ ಮೇಲೆ ನನ್ನ ನಾಡಿನ ಅರ್ಥದಲ್ಲಿ ನಾನಾಡಿದ ಮಾತು ಸತ್ಯವೇ; ಪರಊರಿನವನು ತಪ್ಪು ತಿಳಿದರೆ ಅದು ಅವನ ಹೊಣೆ ಎಂದು ಒಬ್ಬರು ವಾದಿಸಬಹುದು. ಈ ವಾದದಲ್ಲಿ ಅರ್ಧ ನ್ಯಾಯವಿದೆ. ಕೇಳುವವರ ಮನಸ್ಸಿನಲ್ಲಿ ಹುಟ್ಟಬಹುದಾದ ಎಲ್ಲ ತಪ್ಪುಗಳಿಗೂ ಆಡುವವನೇ ಹೊಣೆಯೆಂದರೆ ಗೃಹಸ್ಥನು ಬಾಯಿ ತೆರೆಯುವಂತೆಯೇ ಇಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಗೂ ಅನೃತಕ್ಕೂ ಮೂಲವೆಂದು ಗುರುತಿಸಿದ್ದು ಪ್ರಮಾದವನ್ನು, ಅಂದರೆ ಕಷಾಯಸಹಿತವಾದ ಅಜಾಗರೂಕತೆಯನ್ನು. ಅರಿಯದೆ ಆಡಿದವನಿಗೂ ಅರಿತು ಆಡಿದವನಿಗೂ ಇರುವ ಅಂತರವನ್ನು ಶಾಸ್ತ್ರ ಎಂದೂ ಮರೆತಿಲ್ಲ. ಎರಡು ಅರ್ಥಗಳಿವೆಯೆಂದೇ ತಿಳಿಯದವನನ್ನು ಜನಪದಸತ್ಯ ಕಾಪಾಡುತ್ತದೆ. ಕೇಳುವವನು ಬೇರೆ ಅರ್ಥದಲ್ಲಿ ಹಿಡಿದಿದ್ದಾನೆಂದು ಕಂಡೂ ಸುಮ್ಮನಿರುವವನನ್ನು ಅದು ಕಾಪಾಡಲಾರದು.

ಹಾಗೆ ಸುಮ್ಮನಿರುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಹೆಸರೇ ಇದೆ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ‘ನ್ಯಾಸಾಪಹಾರ’ ಒಂದು. ಒಬ್ಬನು ತನ್ನ ಹಣವನ್ನು ಇನ್ನೊಬ್ಬನಲ್ಲಿ ನ್ಯಾಸವಾಗಿಟ್ಟು, ಎಷ್ಟೆಂಬುದನ್ನು ಮರೆತು, ಕಡಿಮೆ ಮೊತ್ತವನ್ನು ಕೇಳುತ್ತಾನೆ. ಇಟ್ಟುಕೊಂಡವನು ‘ಹಾಗೆಯೇ ಆಗಲಿ’ ಎಂದು ಅಷ್ಟನ್ನೇ ಕೊಡುತ್ತಾನೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಹೀಗೆಯೇ ವಿವರಿಸಿದ್ದಾರೆ. ಅವನು ಸುಳ್ಳಿನ ಒಂದಕ್ಷರವನ್ನೂ ಆಡಲಿಲ್ಲ. ಎದುರಿನವನ ತಪ್ಪಿಗೆ ತಲೆಯಾಡಿಸಿದನಷ್ಟೆ. ಆದರೂ ಅದು ದೋಷ. ಮಾತಿನ ಅರ್ಥದ ವಿಷಯದಲ್ಲಿಯೂ ಇದೇ ನ್ಯಾಯ. ಬೇರೆ ನಾಡಿನವನು ನಮ್ಮ ಮಾತನ್ನು ತನಗೆ ನಷ್ಟವಾಗುವಂತೆ ತಿಳಿದುಕೊಂಡನೆಂದು ನಮಗೆ ಗೊತ್ತಾದ ಕ್ಷಣದಿಂದ ಸರಿಯಾದ ಅರ್ಥ ನಮ್ಮಲ್ಲಿರುವ ಅವನ ನ್ಯಾಸ. ಅದನ್ನು ಅವನಿಗೆ ತಿಳಿಸದೆ ಉಳಿಸಿಕೊಳ್ಳಲು ನಮಗೆ ಅಧಿಕಾರವಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎರಡು ವ್ಯಾಪಾರಿಗಳಿಗೆಂದೇ ಹೇಳಿದಂತಿವೆ. ಒಂದು ‘ಹೀನಾಧಿಕಮಾನೋನ್ಮಾನ’: ಕೊಳ್ಳುವಾಗ ದೊಡ್ಡ ಅಳತೆ, ಮಾರುವಾಗ ಚಿಕ್ಕ ಅಳತೆ. ಇನ್ನೊಂದು ‘ಪ್ರತಿರೂಪಕ ವ್ಯವಹಾರ’: ನೋಡಲು ಒಂದೇ ಬಗೆಯಾಗಿರುವ ಕೃತಕ ವಸ್ತುವನ್ನು ನಿಜವಾದುದೆಂದು ಸಾಗಿಸುವುದು. ೧೯೫೬ರಲ್ಲಿ ತೂಕ ಅಳತೆಗಳ ಕಾಯಿದೆ ಬಂದು ೧೯೫೮ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಯಾಗುವವರೆಗೆ ‘ಮಣ’ ಎಂಬ ಒಂದೇ ಹೆಸರಿನ ತೂಕ ಎಲ್ಲ ಕಡೆಯೂ ಒಂದೇ ಆಗಿರಲಿಲ್ಲ. ಉತ್ತರದ ಸರ್ಕಾರಿ ಮಣ ನಲವತ್ತು ಸೇರಿನದು, ಅಂದರೆ ಸುಮಾರು ೩೭ ಕಿಲೋಗ್ರಾಂ. ಮದರಾಸಿನ ಮಣ ೨೫ ಪೌಂಡಿನದು, ಅಂದರೆ ಸುಮಾರು ೧೧ ಕಿಲೋಗ್ರಾಂ. ಶಬ್ದ ಒಂದೇ, ತೂಕದಲ್ಲಿ ಮೂರು ಪಟ್ಟಿಗಿಂತ ಹೆಚ್ಚಿನ ಅಂತರ. ‘ನೂರು ಮಣ’ ಎಂದು ಬರೆದ ಪತ್ರದಲ್ಲಿ ಯಾವ ಊರಿನ ಮಣವೆಂದು ಬರೆಯದಿದ್ದರೆ ವ್ಯವಹಾರವೇ ಕೆಡುತ್ತಿತ್ತು. ಯಾವ ಊರಿನದೆಂದು ಬರೆದ ಮೇಲೆ ಎರಡು ಮಣಗಳೂ ಪ್ರಾಮಾಣಿಕ ತೂಕಗಳೇ. ದೋಷವಿದ್ದದ್ದು ಮಣದಲ್ಲಿ ಅಲ್ಲ. ಒಂದು ಮಣದಲ್ಲಿ ಕೊಂಡು ಇನ್ನೊಂದು ಮಣದಲ್ಲಿ ಒಪ್ಪಿಸುವ ಕೈಯಲ್ಲಿ.

ಶಬ್ದವೂ ಒಂದು ಅಳತೆ. ಎದುರಾಳಿಯನ್ನು ಕಟ್ಟಿಹಾಕಬೇಕಾದಾಗ ಒಂದು ಅರ್ಥ, ತಾನು ಬಿಡಿಸಿಕೊಳ್ಳಬೇಕಾದಾಗ ಇನ್ನೊಂದು ಅರ್ಥ ಎಂದು ಬಳಸುವವನು ಎರಡು ತೂಕದ ಕಲ್ಲುಗಳನ್ನು ಇಟ್ಟುಕೊಂಡವನೇ. ಒಂದು ಅರ್ಥವನ್ನು ಇನ್ನೊಂದರ ವೇಷದಲ್ಲಿ ದಾಟಿಸುವವನು ಪ್ರತಿರೂಪಕ ವ್ಯವಹಾರ ನಡೆಸುವವನೇ. ಆದುದರಿಂದ ಇಂಥ ಮಾತು ಸತ್ಯವ್ರತಕ್ಕೆ ಮಾತ್ರವಲ್ಲದೆ ಅಚೌರ್ಯವ್ರತಕ್ಕೂ ಭಂಗ ತರುತ್ತದೆ. ಕೇಳುವವನು ನಮ್ಮ ಮೇಲಿಟ್ಟ ನಂಬಿಕೆಯೇ ಅಲ್ಲಿ ಕಳುವಾಗುವ ವಸ್ತು.

ಹಾಗೆಂದು ಎರಡರ್ಥವುಳ್ಳ ಶಬ್ದವೇ ದೋಷಯುಕ್ತವೆಂದು ತಿಳಿಯಬಾರದು. ನಾವು ನಿತ್ಯ ಸ್ಮರಿಸುವ ‘ಅರಿಹಂತ’ ಶಬ್ದವನ್ನೇ ನೋಡೋಣ. ಮೋಹವೆಂಬ ಅರಿಯನ್ನು ಹನನ ಮಾಡಿದವರೆಂದೂ, ಅತಿಶಯ ಪೂಜೆಗೆ ಅರ್ಹರಾದವರೆಂದೂ ವೀರಸೇನಾಚಾರ್ಯರು ಧವಳಾಟೀಕೆಯಲ್ಲಿ ಒಂದಕ್ಕಿಂತ ಹೆಚ್ಚು ನಿರ್ವಚನಗಳನ್ನು ಕೊಟ್ಟಿದ್ದಾರೆ. ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಮೂಡಬಿದಿರೆಯಲ್ಲಿ ಉಳಿದುಬಂದ ಆ ಮಹಾಗ್ರಂಥವನ್ನು ಓದುವ ಕನ್ನಡಿಗನಿಗೆ ‘ಅರಿ’ ಎಂದರೆ ತಿಳಿ ಎಂಬ ತನ್ನ ಭಾಷೆಯ ಅರ್ಥವೂ ನೆನಪಾಗಬಹುದು. ಅದು ಆ ಶಬ್ದದ ಮೂಲವಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಆಚಾರ್ಯರು ಎಲ್ಲ ಅರ್ಥಗಳನ್ನೂ ಓದುಗನ ಮುಂದೆ ತೆರೆದಿಟ್ಟರು. ಒಂದನ್ನು ಮುಚ್ಚಿ ಇನ್ನೊಂದನ್ನು ಸಾಗಿಸಲಿಲ್ಲ. ಬಹಿರಂಗವಾಗಿ ಹೇಳಿದ ಎರಡು ಅರ್ಥ ಸಂಪತ್ತು. ಬಚ್ಚಿಟ್ಟ ಎರಡನೆಯ ಅರ್ಥ ವಂಚನೆ.

ಕೇಳುವವನಿಗೂ ಕರ್ತವ್ಯವುಂಟು. ಸ್ಯಾದ್ವಾದವನ್ನು ಸಂಶಯವಾದವೆಂದವರನ್ನು ಆಕ್ಷೇಪಿಸುವ ಜೈನರು ಇತರರ ಶಬ್ದಗಳನ್ನು ಅವರವರ ಅರ್ಥದಲ್ಲಿ ಓದುತ್ತಾರೆಯೆ ಎಂದು ಕೇಳಿಕೊಳ್ಳಬೇಕು. ನಮಗೆ ‘ಪುದ್ಗಲ’ವೆಂದರೆ ಸ್ಪರ್ಶ ರಸ ಗಂಧ ವರ್ಣಗಳುಳ್ಳ ಜಡದ್ರವ್ಯ, ಬೌದ್ಧರಲ್ಲಿ ಅದೇ ಶಬ್ದಕ್ಕೆ ವ್ಯಕ್ತಿಯೆಂದು ಅರ್ಥ. ನಮ್ಮಲ್ಲಿ ‘ಯೋಗ’ವು ಕಾಯ ವಾಕ್ ಮನಸ್ಸುಗಳ ಕ್ರಿಯೆ, ಕರ್ಮದ ಆಸ್ರವಕ್ಕೆ ಕಾರಣ, ಪತಂಜಲಿಗಳಲ್ಲಿ ಅದು ಚಿತ್ತವೃತ್ತಿಯ ನಿರೋಧ. ಒಂದು ಕಡೆ ನಿಲ್ಲಿಸಬೇಕಾದದ್ದು ಇನ್ನೊಂದು ಕಡೆ ಸಾಧಿಸಬೇಕಾದದ್ದು! ನಮ್ಮ ಅರ್ಥವನ್ನು ಹಿಡಿದು ಅವರ ಸೂತ್ರವನ್ನು ಖಂಡಿಸಿದರೆ ನಾವು ಖಂಡಿಸಿದ್ದು ಅವರನ್ನಲ್ಲ, ನಾವೇ ಕಟ್ಟಿಕೊಂಡ ಬೊಂಬೆಯನ್ನು.

ಎರಡು ಅರ್ಥಗಳೂ ಸಮಬಲವಾಗಿ ತೋರಿ, ಕೇಳಿ ತಿಳಿಯಲು ಯಾರೂ ಇಲ್ಲದಿದ್ದಾಗ ಏನು ಮಾಡಬೇಕು? ಅಹಿಂಸೆಗೆ ಅನುಕೂಲವಾದ ಅರ್ಥವನ್ನೇ ಆರಿಸಬೇಕೆಂದು ನಮ್ಮಲ್ಲಿ ಅನೇಕರು ಹೇಳುತ್ತಾರೆ. ನಮಗೆ ಬೇಕಾದ ಅರ್ಥವನ್ನು ಪರರ ಗ್ರಂಥಕ್ಕೆ ಹೊರಿಸುವುದು ಅಪ್ರಾಮಾಣಿಕತೆಯಲ್ಲವೇ ಎಂಬ ಪ್ರತಿವಾದ ಬಲವಾದುದೇ. ಇಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಬೇಕು. ಗ್ರಂಥ ಏನು ಹೇಳಿತು ಎಂಬುದನ್ನು ಪ್ರಮಾಣಗಳಿಂದಲೇ ನಿರ್ಣಯಿಸಬೇಕು; ಆ ಯಜ್ಞವಾಕ್ಯದ ಐತಿಹಾಸಿಕ ಅರ್ಥ ಯಾವುದೆಂಬುದು ವೇದವಿದ್ವಾಂಸರಿಗೆ ಸೇರಿದ್ದು, ನಮ್ಮ ಇಷ್ಟ ಅದನ್ನು ಬದಲಿಸಲಾರದು. ಆದರೆ ಸಂದೇಹ ಉಳಿದಿರುವಾಗ ನಾನು ಏನು ಮಾಡತಕ್ಕದ್ದು ಎಂಬುದು ಬೇರೆ ಪ್ರಶ್ನೆ. ಪೂಜ್ಯಪಾದರು ‘ಅಸತ್’ ಎಂಬುದನ್ನು ಇಲ್ಲದ್ದು ಎಂದಷ್ಟಕ್ಕೆ ನಿಲ್ಲಿಸದೆ ಅಪ್ರಶಸ್ತವಾದುದು, ಪ್ರಾಣಿಗಳಿಗೆ ಪೀಡೆಯನ್ನುಂಟುಮಾಡುವುದು ಎಂದು ವಿವರಿಸಿದರು. ಶಬ್ದದ ಅರ್ಥ ಸಂದಿಗ್ಧವಾಗಿರಬಹುದು, ಕತ್ತಿಯ ಕೆಳಗಿರುವ ಆಡಿನ ನೋವು ಸಂದಿಗ್ಧವಲ್ಲ. ಸಂದಿಗ್ಧವಾದುದರ ಬಲದಿಂದ ಅಸಂದಿಗ್ಧವಾದ ನೋವನ್ನು ಉಂಟುಮಾಡಬಾರದು.

ಅಪ್ರಸ್ತುತವಾದ ಅರ್ಥವನ್ನು ತೆಗೆದುಹಾಕಿ ಪ್ರಸ್ತುತವಾದುದನ್ನು ನಿರೂಪಿಸುವುದಕ್ಕಾಗಿಯೇ ನಾಮ, ಸ್ಥಾಪನಾ, ದ್ರವ್ಯ, ಭಾವಗಳೆಂಬ ನಿಕ್ಷೇಪಗಳನ್ನು ನಮ್ಮ ಆಚಾರ್ಯರು ಮೊದಲಿಗೇ ಹೇಳಿದರು. ವಿಷಯದ ವಿಚಾರಕ್ಕೆ ಮುನ್ನ ಶಬ್ದದ ವಿಚಾರವಾಗಲಿ ಎಂಬುದು ಅವರ ಕ್ರಮ. ನಮ್ಮ ಸ್ವಾಧ್ಯಾಯ ಗೋಷ್ಠಿಗಳಲ್ಲಿ ವಾದವೆದ್ದಾಗ, ಈ ಶಬ್ದ ಯಾವ ಭಾಷೆಯದು, ಯಾವ ಶಾಸ್ತ್ರದ್ದು, ಇಲ್ಲಿ ಯಾವ ಅರ್ಥದಲ್ಲಿ ಬಂದಿದೆ ಎಂಬ ಮೂರು ಪ್ರಶ್ನೆಗಳನ್ನು ಹಿರಿಯರೊಬ್ಬರು ಮೊದಲೇ ಕೇಳುವ ಪದ್ಧತಿಯಿಟ್ಟುಕೊಂಡರೆ ಅರ್ಧ ವಾದಗಳು ಅಲ್ಲಿಯೇ ನಿಲ್ಲುತ್ತವೆ. ಉಳಿದ ಅರ್ಧ ನಿಜವಾದ ವಾದಗಳಾಗುತ್ತವೆ. ಮಕ್ಕಳಿಗೆ ಶಿಕ್ಷಾವ್ರತವನ್ನು ಹೇಳಿಕೊಡುವವರು ‘ಶಿಕ್ಷೆ’ ಎಂಬ ಶಬ್ದದಿಂದಲೇ ಪಾಠವನ್ನು ಆರಂಭಿಸಲಿ. ಪರಊರಿನೊಡನೆ ವ್ಯವಹರಿಸುವವರು, ಹಿಂದಿನವರು ಪತ್ರದಲ್ಲಿ ಯಾವ ಊರಿನ ಮಣವೆಂದು ಬರೆಯುತ್ತಿದ್ದಂತೆ, ತಮ್ಮ ಮಾತಿನ ಅರ್ಥವನ್ನೂ ಬಿಡಿಸಿ ಬರೆಯಲಿ. ಎರಡು ಸಾಲು ಹೆಚ್ಚಾಗುತ್ತದೆ. ಆ ಎರಡು ಸಾಲಿನ ಶ್ರಮವೇ ಗೃಹಸ್ಥನ ಭಾಷಾಸಮಿತಿ.